ಹಿರಿಯರ ಗುಂಪುಗಾಯನಕ್ಕೆ ಎಲೆಕ್ಟ್ರಾನಿಕ್ ತಂಬೂರಿ: ಕೊಳ್ಳುವ ಮುನ್ನ

ಮರೆವಿನ ಕಾಯಿಲೆಯ ಹಿರಿಯರು ಮಗನ ಹೆಸರಿಗೆ ತಡಕಾಡಿದರೂ ದಾಸರ ಪದದ ಪಲ್ಲವಿಯನ್ನು ತಪ್ಪಿಲ್ಲದೆ ಹಾಡುವುದುಂಟು. ಅಂಥವರ ಸಂಗೀತ ಚಿಕಿತ್ಸೆಗೆ, ಹಾಡಿಗೆ ಆಧಾರವಾಗಿ ಒಂದೇ ಸಮನೆ ನಾದ ಕೊಡುವ ಎಲೆಕ್ಟ್ರಾನಿಕ್ ತಂಬೂರಿ ನಿಜಕ್ಕೂ ಒಳ್ಳೆಯ ಜೊತೆ. ಬೆಂಗಳೂರಿನ ರಾಡೆಲ್ ತಯಾರಿಸುವಂಥ ಪುಟ್ಟ ಪೆಟ್ಟಿಗೆ ಸಾಕು. ತಂಬೂರಿಯ ಫೋನ್ ಆ್ಯಪ್ ಉಚಿತವಾಗಿ ಸಿಗುತ್ತದೆ, ಸರಿ. ಆದರೆ ನಡುವೆ ಕರೆ ಬಂದರೆ ನಾದ ನಿಲ್ಲುತ್ತದೆ, ಗುಂಪೂ ಚದುರುತ್ತದೆ. ಆ ಸಣ್ಣ ಸ್ಪೀಕರಿನಲ್ಲಿ ಮಂದ್ರ ಷಡ್ಜ (ಕೆಳಗಿನ ಸ) ಸರಿಯಾಗಿ ಕೇಳುವುದೂ ಇಲ್ಲ.

ಎಡವುವುದು ಹೆಚ್ಚಾಗಿ ಶ್ರುತಿಯಲ್ಲೇ, ಅಂದರೆ ಹಾಡಿನ ಆಧಾರ ಸ್ವರದ ಎತ್ತರದಲ್ಲೇ. ಹಾಡಿಸುವವರು ಅಭ್ಯಾಸಬಲದಿಂದ ಐದೂವರೆ ಮನೆಗೆ ಇಡುತ್ತಾರೆ (ಮನೆ ಎಂದರೆ ಶ್ರುತಿಯ ಮಟ್ಟ; ಸಂಖ್ಯೆ ಹೆಚ್ಚಿದಂತೆ ಶ್ರುತಿ ಏರುತ್ತದೆ). ಎಪ್ಪತ್ತು ದಾಟಿದ ಅಜ್ಜಿಯ ದನಿ ತಾರ ಷಡ್ಜಕ್ಕೆ (ಮೇಲಿನ ಸ) ಏರದೆ ಒಡೆಯುತ್ತದೆ, ಮುಂದಿನ ಸಾಲಿಗೆ ಅವರು ಬಾಯಿ ಮುಚ್ಚಿಬಿಡುತ್ತಾರೆ. ನಾಲ್ಕು ಮನೆಯಿಂದ ಶುರುಮಾಡಿ, ದನಿ ಕೇಳಿಕೊಂಡು ಅರ್ಧರ್ಧ ಮನೆ ಇಳಿಸಿ. ಷಡ್ಜದ ಜೊತೆ ನುಡಿಯುವ ಸ್ವರವನ್ನು ಪಂಚಮದಿಂದ (ಪ) ಮಧ್ಯಮಕ್ಕೆ (ಮ) ಬದಲಿಸುವ ಸೌಲಭ್ಯ ಇರಲೇಬೇಕು: ಹಿಂದೋಳ ರಾಗದಲ್ಲಿ ಪಂಚಮವೇ ಇಲ್ಲ, ಪಂಚಮ ಶ್ರುತಿ ಕಿವಿಗೆ ಕಿರಿಕಿರಿ.

ಎಲ್ಲರೂ ವೃತ್ತವಾಗಿ ಕೂತು, ಪೆಟ್ಟಿಗೆ ನಡುವೆ ಇರಲಿ. ನಾದ ಮಾತಿಗಿಂತ ತಗ್ಗಿರಲಿ. ಜೋರಾದರೆ ಶ್ರವಣಸಾಧನ ಹಾಕಿಕೊಂಡವರಿಗೆ ಹಾಡು ಕೇಳಿಸದು. ಮೊದಲ 5 ನಿಮಿಷ ಬರೀ ಗುನುಗು. ಆಮೇಲೆ ಒಬ್ಬೊಬ್ಬರ ಹೆಸರು ಸೇರಿಸಿ ಸ್ವಾಗತದ ಸಾಲು. ಹೆಸರು ಬಂದಾಗ ಪಕ್ಕದವರು ಅವರತ್ತ ತಿರುಗಿ ನಗುತ್ತಾರಲ್ಲ, ಇಡೀ ಅವಧಿಯಲ್ಲಿ ಅದಕ್ಕಿಂತ ಬೆಲೆಯುಳ್ಳದ್ದಿಲ್ಲ. ಒಟ್ಟು 30–40 ನಿಮಿಷ ಸಾಕು. ಯಾರಾದರೂ ಅತ್ತರೆ ತಂಬೂರಿ ಆರಿಸಬೇಡಿ. ಹಾಡು ನಿಲ್ಲಿಸಿ, ನಾದ ಮುಂದುವರಿಸಿ, ಕೈ ಹಿಡಿದು ಕೂರಿ. ತೀವ್ರ ಖಿನ್ನತೆ ಇದ್ದವರಿಗೆ ಮಾತ್ರ ತರಬೇತಿ ಪಡೆದ ಚಿಕಿತ್ಸಕರೇ ಬೇಕು.

ಕರೆಂಟ್ ಕೈಕೊಡುವ ಊರುಗಳಲ್ಲಿ ಬ್ಯಾಟರಿ ಇರುವ ಮಾದರಿಯನ್ನೇ ಕೊಳ್ಳಿ.