ಊಟಿ ರೈಲು: ಕೂನೂರಿನ ಮೇಲೆ ಹತ್ತೋದಾ, ಕೆಳಗೆ ಹತ್ತೋದಾ, ಸುಮ್ಮನೆ ನಿಂತು ನೋಡೋದಾ?

ಮೊದಲೇ ಹೇಳಿಬಿಡುತ್ತೇನೆ. ಹೊಗೆ ಉಗುಳುವ ರೈಲಿನ ಆಸೆಗೆ ನೀಲಗಿರಿಗೆ ಹೋಗುವುದಾದರೆ ಬೆಟ್ಟದ ಬುಡದ ಮೆಟ್ಟುಪಾಳಯಂನಲ್ಲಿ ಹತ್ತಿ ನಡುದಾರಿಯ ಕೂನೂರಿನಲ್ಲಿ ಇಳಿದುಬಿಡಿ. ಊಟಿಯವರೆಗೆ ಹೋಗಲೇಬೇಕು ಅನ್ನುವ ಹಟ ಬೇಡ. ಇಷ್ಟು ತಿಳಿಯುವುದಕ್ಕೆ ನನಗೆ ಮೂರು ಪ್ರಯಾಣ ಬೇಕಾಯಿತು, ಅದರಲ್ಲಿ ಎರಡು ಸಲ ಟಿಕೆಟ್ ತೆಗೆಯುವುದರಲ್ಲೇ ಎಡವಿದೆ.

ಮೊದಲ ಸಲ ಮಾಡಿದ್ದು ಮೈಸೂರಿನವರೆಲ್ಲ ಮಾಡುವುದೇ. ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾಟಿ ಊಟಿಗೆ ಹೋಗಿ, ಎರಡನೇ ದಿನ ಊಟಿಯಿಂದ ಕೂನೂರಿಗೆ ‘ಟಾಯ್ ಟ್ರೇನ್’. ಜೊತೆಗೆ ಎಂಟು ವರ್ಷದ ಮಗ, ಮತ್ತೆ ಅಮ್ಮ. ಅಮ್ಮ ನಂಜನಗೂಡಿನವಳು. ಕಾಲೇಜಿಗೆ ಮೈಸೂರಿಗೆ ಬರುತ್ತಿದ್ದದ್ದು ಮೀಟರ್ ಗೇಜ್ ಹಳಿಯ ಉಗಿಬಂಡಿಯಲ್ಲಿ. ಕಣ್ಣಿಗೆ ಕಲ್ಲಿದ್ದಲ ಕಣ ಬಿದ್ದದ್ದು, ಒಗೆದ ಸೀರೆಗೆ ಮಸಿ ಹಿಡಿದದ್ದು, ಎಲ್ಲವನ್ನೂ ದಾರಿಯುದ್ದಕ್ಕೂ ಮೊಮ್ಮಗನಿಗೆ ಹೇಳಿಕೊಂಡು ಬಂದಳು. ಪ್ಲಾಟ್‌ಫಾರ್ಮಿಗೆ ರೈಲು ಬಂದಾಗ ಅದಕ್ಕೆ ಕಟ್ಟಿದ್ದದ್ದು ಡೀಸೆಲ್ ಎಂಜಿನ್.

ಮಗ ಒಂದೇ ಮಾತು ಕೇಳಿದ. ‘ಅಪ್ಪಾ, ಹೊಗೆ ಎಲ್ಲಿ?’

ತಪ್ಪು ರೈಲಿನದ್ದಲ್ಲ, ನನ್ನದು. ಎಲ್ಲ ಚಿತ್ರಗಳಲ್ಲೂ ಉಗಿ ಎಂಜಿನ್ ಇರುವುದನ್ನು ನೋಡಿ ಇಡೀ 46 ಕಿ.ಮೀ. ಹಾಗೇ ಇರುತ್ತದೆ ಅಂದುಕೊಂಡಿದ್ದೆ. ವಿಷಯ ಏನೆಂದರೆ, ಈ ದಾರಿಯಲ್ಲಿ ನಿಜವಾದ ಏರು ಇರುವುದು ಮೆಟ್ಟುಪಾಳಯಂ ದಾಟಿದ ಮೇಲೆ ಸಿಗುವ ಕಲ್ಲಾರ್‌ನಿಂದ ಕೂನೂರಿನವರೆಗೆ ಮಾತ್ರ. ಅಲ್ಲಿ ಹೆಚ್ಚುಕಡಿಮೆ ಹನ್ನೆರಡು ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಬರೀ ಚಕ್ರ ಜಾರುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿಗಳನ್ನು ಹಾಕಿದ್ದಾರೆ, ಎಂಜಿನ್ನಿನ ಅಡಿಯ ಹಲ್ಲುಗಾಲಿ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಉಗಿ ಎಂಜಿನ್ ಉಳಿದುಕೊಂಡಿರುವುದು ಆ ಭಾಗದಲ್ಲಿ. ಕೂನೂರಿನಿಂದ ಮೇಲೆ ಏರು ಅಷ್ಟಿಲ್ಲ, ಮಾಮೂಲಿ ಹಳಿ ಸಾಕು, ಆದ್ದರಿಂದ ದಿನನಿತ್ಯದ ರೈಲಿಗೆ ಡೀಸೆಲ್. ಕೆಳಗಿನ ಭಾಗ ಶುರುವಾದದ್ದು 1899ರಲ್ಲಿ, ಊಟಿ ಮುಟ್ಟಿದ್ದು 1908ರಲ್ಲಿ. ಟಿಕೆಟ್ ತೆಗೆಯುವಾಗ ನಾನು ನೋಡಬೇಕಿದ್ದದ್ದು ಈ ಎರಡು ಭಾಗಗಳ ನಡುವಿನ ವ್ಯತ್ಯಾಸವನ್ನು.

ಹಾಗಂತ ಮೇಲಿನ ಭಾಗ ಕೆಟ್ಟದ್ದೇನಲ್ಲ. ಲವ್‌ಡೇಲ್, ಕೇತ್ತಿ ಕಣಿವೆಯ ತರಕಾರಿ ಹೊಲಗಳು, ಅರುವಂಕಾಡು, ವೆಲ್ಲಿಂಗ್ಟನ್, ಅಷ್ಟರಲ್ಲಿ ಮುಗಿದೇ ಹೋಗುತ್ತದೆ. ಚಿಕ್ಕ ಮಕ್ಕಳಿಗೆ, ಹೆಚ್ಚು ಹೊತ್ತು ಕೂರಲಾಗದವರಿಗೆ ಸಾಕು. ಟಿಕೆಟ್ಟಿಗೂ ಕಡಿಮೆ ದುಡ್ಡು.

ಎರಡನೇ ಸಲ ಬುದ್ಧಿ ಕಲಿತು ಕೆಳಗಿನಿಂದ ಹೋದೆವು. ಮೈಸೂರಿನಿಂದ ಚಾಮರಾಜನಗರ, ದಿಂಬಂ ಘಾಟಿ ಇಳಿದು ಸತ್ಯಮಂಗಲ, ಅಲ್ಲಿಂದ ಬಸ್ ಬದಲಿಸಿ ಮೆಟ್ಟುಪಾಳಯಂ. ರೈಲು ಬೆಳಿಗ್ಗೆ ಏಳರ ಸುಮಾರಿಗೇ ಹೊರಡುವುದರಿಂದ ಹಿಂದಿನ ರಾತ್ರಿ ಅಲ್ಲೇ ತಂಗಬೇಕು. ಆ ಲಾಡ್ಜಿನ ಖರ್ಚನ್ನು ಟಿಕೆಟ್ಟಿಗೆ ಸೇರಿಸಿ ಲೆಕ್ಕ ಹಾಕಿ, ಇಲ್ಲದಿದ್ದರೆ ಅಗ್ಗ ಅನ್ನಿಸಿಬಿಡುತ್ತದೆ. ಸೀಟು ಸಿಗಬೇಕಾದರೆ ಬುಕಿಂಗ್ ತೆರೆದ ದಿನವೇ ಕೂತು ಮಾಡಬೇಕು.

ಮಾಡಿದೆ. ‘ಅಮ್ಮನಿಗೆ ಆರಾಮಾಗಿರಲಿ’ ಅಂತ ಫಸ್ಟ್ ಕ್ಲಾಸನ್ನೇ ಮಾಡಿದೆ. ಅಲ್ಲೇ ಮತ್ತೆ ಎಡವಿದ್ದು.

ಈ ರೈಲನ್ನು ಹತ್ತುವಾಗ ಎಂಜಿನ್ ಎಳೆಯುವುದಿಲ್ಲ, ಹಿಂದಿನಿಂದ ನೂಕುತ್ತದೆ. ಕೊಂಡಿ ಕಳಚಿದರೂ ಡಬ್ಬಿಗಳು ಹಿಂದಕ್ಕೆ ಉರುಳಿ ಹೋಗದಿರಲಿ ಅಂತ ಎಂಜಿನ್ ಯಾವಾಗಲೂ ಇಳಿಜಾರಿನ ಕಡೆಗೇ ಇರುತ್ತದೆ. ನಾವು ಹೋದ ದಿನ ಫಸ್ಟ್ ಕ್ಲಾಸ್ ಎಲ್ಲಕ್ಕಿಂತ ಮುಂದಿತ್ತು. ಅಂದರೆ ಹೆಚ್ಚು ದುಡ್ಡು ಕೊಟ್ಟು ಉಗಿ ಎಂಜಿನ್ನಿನಿಂದ ಅತಿ ದೂರದ ಸೀಟು ಕೊಂಡಿದ್ದೆ. ಮುಂದೆ ಗಾಜಿನಾಚೆ ಹಳಿ, ಹಳಿ ನಡುವೆ ಗ್ರೀಸ್ ಮೆತ್ತಿದ ಹಲ್ಲುಪಟ್ಟಿ, ಬ್ರೇಕ್ ಹಿಡಿದು ನಿಂತವರ ಬೆನ್ನು. ಹಳಿ ಬಿಚ್ಚಿಕೊಳ್ಳುವುದನ್ನು ನೋಡುವ ಖುಷಿ ಬೇರೆ, ಒಪ್ಪುತ್ತೇನೆ, ಸುರಂಗ ಬಾಯಿ ತೆರೆದು ನುಂಗುವ ಹಾಗೆ ಬರುತ್ತದೆ. ಆದರೆ ನಾವು ಬಂದದ್ದು ಅದಕ್ಕಲ್ಲವಲ್ಲ. ಡಬ್ಬಿಯಿಂದ ಡಬ್ಬಿಗೆ ಒಳಗಿನಿಂದ ದಾರಿಯೂ ಇಲ್ಲ. ಎಂಜಿನ್ ಹಿಂದೆಲ್ಲೋ ಏದುಸಿರು ಬಿಡುತ್ತಿದ್ದರೆ ಅಮ್ಮ ಕಿವಿಗೆ ಕೈ ಹಿಡಿದು ಕೇಳಿಸಿಕೊಳ್ಳುತ್ತಿದ್ದಳು.

ಹಾಗಾಗಿ ನೀರು ತುಂಬಿಸಲು ನಿಂತಲ್ಲೆಲ್ಲ ನಾನೂ ಮಗನೂ ಇಳಿದು ಹಿಂದಕ್ಕೆ ಓಡಿದೆವು. ಹಿಲ್‌ಗ್ರೋವ್‌ನಲ್ಲಿ ಅಮ್ಮನೂ ಇಳಿದಳು. ಅಲ್ಲಿ ಕೋತಿಗಳ ಕಾಟ. ಮಗನ ಕೈಯಲ್ಲಿದ್ದ ವಡೆ ಅವನ ಬಾಯಿಗೆ ಹೋಗುವ ಮೊದಲೇ ಮಾಯ. ಅಮ್ಮ ಎಂಜಿನ್ನಿನ ಪಕ್ಕ ಮೂಗರಳಿಸಿ ನಿಂತು, ‘ಇದು ಆ ವಾಸನೆ ಅಲ್ಲ ಕಣೋ’ ಅಂದಳು. ಅವಳು ಹೇಳಿದ್ದು ಸರಿ. ಅವತ್ತಿನದು ಎಣ್ಣೆಯಲ್ಲಿ ಉರಿಯುವ ಎಂಜಿನ್. ಹಳೆಯವು ಸ್ವಿಟ್ಜರ್ಲೆಂಡಿನ ವಿಂಟರ್‌ತೂರ್‌ನಲ್ಲಿ ಮಾಡಿದವು, ಈಚಿನವನ್ನು ತಿರುಚಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನಲ್ಲಿ ಕಟ್ಟಿದ್ದಾರೆ. ವಾಸನೆ ಬೇರೆಯಾದರೂ ಉಗಿ ಉಗಿಯೇ. ಕೂಗಿದಾಗ ಅಮ್ಮ ಬೆಚ್ಚಿ ನಕ್ಕಳು.

ನಮ್ಮಂಥವರಿಗೆ ಹಿಂದಿನ ಡಬ್ಬಿಯ ಸೆಕೆಂಡ್ ಕ್ಲಾಸೇ ಸರಿ. ಮಂಡಿಗೆ ಮಂಡಿ ತಾಗುತ್ತದೆ, ತಾಗಲಿ.

ಕೂನೂರು ಬರುವಷ್ಟರಲ್ಲಿ ಮೂರು ಗಂಟೆಗೂ ಮೇಲಾಗಿತ್ತು. ಅಲ್ಲಿ ಉಗಿ ಎಂಜಿನ್ ಕಳಚಿಕೊಂಡು ಶೆಡ್ಡಿನ ಕಡೆ ಹೋಯಿತು, ಡೀಸೆಲ್ ಬಂತು. ನಮ್ಮ ಟಿಕೆಟ್ ಊಟಿಯವರೆಗಿತ್ತು. ಹೋದೆವು, ನಾನು ನಿದ್ದೆ ಮಾಡಿದೆ.

ಮೂರನೇ ಸಲ ಹತ್ತಲೇ ಇಲ್ಲ. ನೆಂಟರ ಮದುವೆಗೆ ಕೂನೂರಿಗೆ ಹೋಗಿದ್ದವನು ಬೆಳಿಗ್ಗೆ ಬಿಡುವಾಗಿದ್ದೆ. ಮೆಟ್ಟುಪಾಳಯಂ ರಸ್ತೆಯಲ್ಲಿ ಸ್ವಲ್ಪ ಕೆಳಗೆ, ಹಳಿ ರಸ್ತೆಗೆ ಹತ್ತಿರ ಬರುವ ಒಂದು ಕಡೆ ಟೀ ಕುಡಿಯುತ್ತ ಕಾದೆ. ಅಂಗಡಿಯ ಅಜ್ಜಿ ಯಾರೊಂದಿಗೋ ಬಡಗ ಭಾಷೆಯಲ್ಲಿ ಜಗಳವಾಡುತ್ತಿದ್ದರು, ಕನ್ನಡದ ನಂಟು ಎಷ್ಟಿದೆಯೆಂದರೆ ಅರ್ಧ ಜಗಳ ನನಗೇ ಅರ್ಥವಾಯಿತು. ರೈಲು ಕಾಣುವುದಕ್ಕೆ ಬಹಳ ಮೊದಲೇ ಸದ್ದು ಬಂತು. ಒಂದು ಸದ್ದಲ್ಲ, ಒಂದಕ್ಕೊಂದು ತಾಳ ತಪ್ಪಿದ ಎರಡು. ಹತ್ತಿರ ಬಂದಾಗ ಕಾರಣ ಕಂಡಿತು. ಎಂಜಿನ್ನಿನ ಪಕ್ಕದಲ್ಲಿ ಕೆಳಗಿನ ಸರಳು ಚಕ್ರದ ಜೊತೆ ನಿಧಾನಕ್ಕೆ ಆಡುತ್ತಿದೆ, ಅದರ ಮೇಲಿನ ಸಿಲಿಂಡರಿನ ಸರಳು ಅವಸರ ಅವಸರವಾಗಿ, ಅದೂ ತಿರುಗುಮುರುಗಾಗಿ ತಿರುಗುತ್ತಿದೆ. ಕೆಳಗಿನ ಸಿಲಿಂಡರು ಚಕ್ರಕ್ಕೆ, ಮೇಲಿನದು ಹಲ್ಲುಗಾಲಿಗೆ. ಕೆಳಗಿನದರಲ್ಲಿ ಒಮ್ಮೆ ದುಡಿದ ಉಗಿಯನ್ನೇ ಮೇಲಿನದಕ್ಕೆ ಕೊಟ್ಟು ಇನ್ನೊಮ್ಮೆ ದುಡಿಸುತ್ತಾರೆ. ಮೂರು ಗಂಟೆ ರೈಲಿನೊಳಗೆ ಕೂತಿದ್ದರೂ ಇದು ನನಗೆ ಕಂಡಿರಲಿಲ್ಲ. ಮಗ ಜೊತೆಗಿರಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು.

ಆದರೆ ನಿಮಿಷದೊಳಗೆ ದಾಟಿ ಹೋಯಿತು. ಬೇರೆ ಊರಿನಿಂದ ಬರೀ ಆ ಒಂದು ನಿಮಿಷಕ್ಕೆ ಅಂತ ಯಾರನ್ನೂ ಕಳಿಸಲಾರೆ. ನೀವು ಹೇಗೂ ಕೂನೂರಿನಲ್ಲಿ ತಂಗಿದ್ದರೆ ಮಾತ್ರ ಇದು ಬಿಟ್ಟಿ ಸಿಕ್ಕ ಹಬ್ಬ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆಯಲ್ಲಿ ಗುಡ್ಡ ಕುಸಿದು ರೈಲು ರದ್ದಾಗುವುದು ಮಾಮೂಲು, ಹತ್ತುವವರಿಗೂ ನೋಡುವವರಿಗೂ ಆ ತಿಂಗಳು ಬೇಡ.

ನನಗೆ ದುಡ್ಡಿನ ಲೆಕ್ಕ ಜಾಸ್ತಿ, ಊಟಿಯ ಗದ್ದಲ ಆಗುವುದಿಲ್ಲ, ಸದ್ದು ಕೇಳುವ ಹುಚ್ಚು ಬೇರೆ. ಕಿಟಕಿಯ ನೋಟವೇ ಮುಖ್ಯ ಅನ್ನುವವರಿಗೆ ಮುಂದಿನ ಡಬ್ಬಿಯೇ ಚೆಂದ ಅನ್ನಿಸಬಹುದು. ಮಧ್ಯಾಹ್ನ ಊಟಿಯಿಂದ ಇಳಿಯುವ ರೈಲೂ ಇದೆ, ಕೂನೂರಿನಿಂದ ಕೆಳಕ್ಕೆ ಅದಕ್ಕೂ ಉಗಿ ಎಂಜಿನ್ನೇ. ಇಳಿಯುವಾಗ ಎಂಜಿನ್ ಮುಂದಿರುತ್ತದೆ. ಆದರೆ ಇಳಿಯುವ ಎಂಜಿನ್ನಿಗೆ ಏದುಸಿರಿಲ್ಲ, ನನಗೆ ಅದು ರುಚಿಸದು.

ಬರುವ ಬೇಸಿಗೆ ರಜೆಗೆ ಮೂರು ಸೀಟು ನೋಡುತ್ತಿದ್ದೇನೆ. ಸೆಕೆಂಡ್ ಕ್ಲಾಸ್, ಕೂನೂರಿನವರೆಗೆ. ಮಾರನೆಯ ಬೆಳಿಗ್ಗೆ ಅಜ್ಜಿಯ ಟೀ ಅಂಗಡಿ. ಅಮ್ಮ ಮಾತ್ರ, ಕಲ್ಲಿದ್ದಲಿನ ಎಂಜಿನ್ ಯಾವ ದಿನ ಬರುತ್ತದೆ ಅಂತ ಕೇಳಿ ತಿಳಿದುಕೊಂಡು ಆಮೇಲೆ ಬುಕ್ ಮಾಡು ಅಂತ ಕೂತಿದ್ದಾಳೆ.