ಮುಂಬಯಿಯ ಗ್ರಿಲ್ಲಿಗೆ ದಾಸವಾಳವೋ, ಕೇಪುಳವೋ?

ನಮ್ಮ ಫ್ಲ್ಯಾಟಿನ ಪಶ್ಚಿಮದ ಕಿಟಕಿಯ ಗ್ರಿಲ್ಲಿನಲ್ಲಿ ಕೆಂಪು ದಾಸವಾಳ, ಕೆಂಪು ಕೇಪುಳ (ನರ್ಸರಿಯವರ ಇಕ್ಸೋರಾ) ಎರಡೂ ಇವೆ. ಎರಡೂ 12 ಇಂಚಿನ ಕುಂಡಗಳಲ್ಲೇ ಬೆಳೆದಿವೆ. ಕೆಲವು ಮಳೆಗಾಲ ಜೊತೆಯಲ್ಲೇ ಸಾಕಿ ನೋಡಿದ ಮೇಲೆ ನನ್ನ ಮಾತು ಇಷ್ಟು: ಒಂದೇ ಕುಂಡಕ್ಕೆ ಜಾಗ ಇದ್ದರೆ ಕೇಪುಳ ಇಡಿ.

ಮೊದಲು ಬಿಸಿಲು. ದಾಸವಾಳಕ್ಕೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ಎದುರಿಗೆ ಇನ್ನೊಂದು ಬಿಲ್ಡಿಂಗ್ ನಿಂತಿದ್ದರೆ ಎಲೆ ಸೊಂಪಾಗಿ ಬರುತ್ತದೆ, ಮೊಗ್ಗು ಬರುವುದಿಲ್ಲ. ಕೇಪುಳಕ್ಕೂ ಬಿಸಿಲು ಇಷ್ಟವೇ, ಆದರೆ ಅರ್ಧ ದಿನದ ಬಿಸಿಲಲ್ಲೂ ಅದು ಹೂ ಬಿಡುತ್ತದೆ.

ಹೂವಿನ ಬಾಳಿಕೆಯಲ್ಲಂತೂ ಹೋಲಿಕೆಯೇ ಇಲ್ಲ. ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ಕೇಪುಳದ ಗೊಂಚಲು ವಾರಗಟ್ಟಲೆ ಹಾಗೇ ಇರುತ್ತದೆ.

ದಾಸವಾಳದ ದೊಡ್ಡ ತಲೆನೋವು ಹಿಟ್ಟು ತಿಗಣೆ. ಎಳೆ ತುದಿಯಲ್ಲಿ, ಎಲೆಯಡಿಯಲ್ಲಿ ಹತ್ತಿಯಂತೆ ಬಿಳಿಯಾಗಿ ಕೂರುತ್ತದೆ. ಇರುವೆ ಓಡಾಡುತ್ತಿದ್ದರೆ ಆಗಲೇ ಎಚ್ಚರವಾಗಬೇಕು. ಮೊದಲು ನೀರು ಜೋರಾಗಿ ಬಿಟ್ಟು ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ. ಒಂದೇ ಸಲಕ್ಕೆ ಹೋಗುವ ಹುಳ ಅಲ್ಲ ಅದು. ಗೊಬ್ಬರವೂ ದಾಸವಾಳಕ್ಕೆ ಜಾಸ್ತಿ ಬೇಕು. ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಹಾಕುತ್ತೇನೆ. ಬೇಸಿಗೆಯಲ್ಲಿ ಕುಂಡ ಒಣಗಿತೋ, ಮೊಗ್ಗು ಉದುರಿತು.

ಕೇಪುಳಕ್ಕೆ ಹುಳದ ಕಾಟ ಕಡಿಮೆ. ಅದರ ಹಟ ಇರುವುದು ಮಣ್ಣಿನಲ್ಲಿ. ನಮ್ಮ ಕರಾವಳಿಯ ಗಿಡ ಅಲ್ವಾ, ಹುಳಿ ಗುಣದ ಕೆಂಪು ಮಣ್ಣೇ ಬೇಕು. ಸಿಮೆಂಟ್ ಕುಂಡದ ಸುಣ್ಣ ಅಥವಾ ಬೋರ್‌ವೆಲ್ಲಿನ ಗಡಸು ನೀರು ತಾಗುತ್ತಾ ಹೋದರೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುತ್ತಿಲ್ಲ ಎಂದರ್ಥ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬರುವ ಸೊಸೈಟಿಗಳಲ್ಲಿ ಇದನ್ನು ನೋಡಬಹುದು. ಪ್ಲಾಸ್ಟಿಕ್ ಇಲ್ಲವೇ ಮಣ್ಣಿನ ಕುಂಡದಲ್ಲಿ ಕೆಂಪು ಮಣ್ಣು, ಕಾಂಪೋಸ್ಟ್, ಸ್ವಲ್ಪ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ ನೆಡಿ. ಹಳದಿ ಕಂಡರೆ ನರ್ಸರಿಯಲ್ಲಿ ಸಿಗುವ ಚೀಲೇಟೆಡ್ ಐರನ್, ಅಂದರೆ ಬೇರು ಸುಲಭವಾಗಿ ಹೀರುವ ರೂಪದ ಕಬ್ಬಿಣ, ಕೊಡಿ, ಹೊಸ ಚಿಗುರು ಹಸಿರಾಗಿ ಬರುತ್ತದೆ. ಮಳೆನೀರು ಸಿಕ್ಕರಂತೂ ಇನ್ನೂ ಒಳ್ಳೆಯದು.

ಕತ್ತರಿಸುವ ವಿಷಯ ಚಿಕ್ಕದು. ಎರಡೂ ಹೊಸ ಚಿಗುರಿನಲ್ಲೇ ಹೂ ಬಿಡುತ್ತವೆ. ಕೇಪುಳದ ಮೊಗ್ಗು ತುದಿಯಲ್ಲಿ ಬರುವುದರಿಂದ ಗೊಂಚಲು ಬಾಡಿದ ಮೇಲೆ ಮಾತ್ರ ಕತ್ತರಿ ಹಾಕಿ. ಮಳೆಗಾಲದಲ್ಲಿ ಕುಂಡದಡಿಯ ತಟ್ಟೆ ತೆಗೆದುಬಿಡಿ, ನಿಂತ ನೀರು ಎರಡಕ್ಕೂ ಆಗದು.

ಪುಣೆಯವರಿಗೆ ಮಾತ್ರ ನನ್ನ ಸಲಹೆ ಬೇರೆ. ಅಲ್ಲಿನ ಕಪ್ಪು ಮಣ್ಣೂ ಜನವರಿಯ ಚಳಿಯೂ ಕೇಪುಳಕ್ಕೆ ಹಿಡಿಸುವುದಿಲ್ಲ, ಅಲ್ಲಿಗೆ ದಾಸವಾಳವೇ ಸರಿ. ಮುಂಬಯಿಯಲ್ಲೂ ದಿನಾ ಗಣಪತಿಗೆ ಹೂ ಏರಿಸುವವರು, ಬಿಸಿಲಿನ ಕಿಟಕಿ ಇರುವವರು ದಾಸವಾಳವನ್ನೇ ತನ್ನಿ. ಆದರೆ ದೊಡ್ಡ ಹೂವಿನ ಹೈಬ್ರಿಡ್ ಬೇಡ. ಐದೆಸಳಿನ ನಾಟಿ ಕೆಂಪು ದಾಸವಾಳ ಕೇಳಿ. ತರುವ ಮೊದಲು ಎಲೆ ತಿರುಗಿಸಿ ಅಡಿಭಾಗ ನೋಡಿಕೊಳ್ಳಿ.