ಮೊದಲ ಇಶ್ಯೂ ನಮ್ಮ ಹೆಸರಿಗೆ ಬರಬೇಕಾದರೆ: ಬಳ್ಳಾರಿಯಲ್ಲಿ ಮಾಡಿ ನೋಡಿದ ಮೂರು ದಾರಿ

ಬಳ್ಳಾರಿ ಗಾಂಧಿನಗರದ ನಮ್ಮ ಮನೆಯ ಮಹಡಿ ಮೇಲೆ ಪ್ರತಿ ಭಾನುವಾರ ಐದಾರು ಮಕ್ಕಳು ಲ್ಯಾಪ್‌ಟಾಪ್ ತಂದು ಕೂರುತ್ತಾರೆ. ಡಿಪ್ಲೊಮಾದವರು, ಬಿಸಿಎದವರು. ಇಬ್ಬರ ಮನೆಯಲ್ಲಿ ಜೀನ್ಸ್ ಹೊಲಿಗೆಯೇ ಜೀವನ. ಓಪನ್ ಸೋರ್ಸ್‌ಗೆ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶಗಳಿಗೆ, ಕೋಡ್ ಬರೆಯುವುದು ಇವರಿಗೆ ಅಷ್ಟು ಕಷ್ಟವಾಗಲಿಲ್ಲ. ಅಲ್ಲಿ ಸರಿಪಡಿಸಬೇಕಾದ ಒಂದೊಂದು ದೋಷಕ್ಕೆ, ಕೆಲಸಕ್ಕೆ ‘ಇಶ್ಯೂ’ ಎನ್ನುತ್ತಾರೆ. ‘ಈ ಕೆಲಸ ನನಗಿರಲಿ’ ಎಂದು ಹೇಳಿ ಅದನ್ನು ಹಿಡಿದುಕೊಳ್ಳುವ ಹೊತ್ತಿಗೇ ಕೈ ಹಿಂದೆ ಸರಿಯುತ್ತಿತ್ತು. ಅದಕ್ಕೇ ಮೂರು ದಾರಿಯನ್ನೂ ಅವರ ಪಕ್ಕ ಕೂತು ನೋಡಿದೆ.

ಮೊದಲನೆಯದು, ಕೇಳಿ ಕಾಯುವುದು. ಇಂಥ ಕೋಡ್ ಇಟ್ಟಿರುವ ಗಿಟ್‌ಹಬ್ ಜಾಲತಾಣದಲ್ಲಿ ಹೊಸಬರಿಗೆ ಹೊಂದುವ ‘ಗುಡ್ ಫಸ್ಟ್ ಇಶ್ಯೂ’ ಲೇಬಲ್ ಹುಡುಕಿ, ‘ನನಗೆ ಅಸೈನ್ ಮಾಡಿ’, ಅಂದರೆ ನನ್ನ ಹೆಸರಿಗೆ ಕೊಡಿ ಎಂದು ಕಮೆಂಟ್ ಹಾಕುವುದು. ಅಸೈನ್ ಮಾಡುವ ಅನುಮತಿ ಹೊಸಬರಿಗೆ ಇರುವುದಿಲ್ಲ, ಹಾಗಾಗಿ ಪ್ರಾಜೆಕ್ಟ್ ನೋಡಿಕೊಳ್ಳುವವರು ಕಣ್ಣು ಹಾಯಿಸುವ ತನಕ ಕಾಯಲೇಬೇಕು. ನಮ್ಮ ಬಿಸಿಎ ಹುಡುಗಿ ಹನ್ನೊಂದು ದಿನ ಕಾದಳು. “ಅಕ್ಕಾ, ನಾ ಏನರ ತಪ್ಪು ಬರ್ದೀನೇನು?” ಎಂದು ದಿನಾ ಕೇಳುತ್ತಿದ್ದಳು. ಹನ್ನೆರಡನೆಯ ದಿನ ಅದೇ ಇಶ್ಯೂಗೆ ಬೇರೊಬ್ಬರು ಕಳಿಸಿದ ಪುಲ್ ರಿಕ್ವೆಸ್ಟ್ (ತಿದ್ದಿದ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆ) ಮರ್ಜ್ ಆಯಿತು, ಅಂದರೆ ಪ್ರಾಜೆಕ್ಟಿಗೆ ಸೇರಿಹೋಯಿತು. ಆ ಪ್ರಾಜೆಕ್ಟಿನವರು ಬಿಡುವು ಸಿಕ್ಕಾಗ ದುಡಿಯುವವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆಮೇಲಿನ ಎರಡು ಭಾನುವಾರ ಆಕೆ ಬರಲೇ ಇಲ್ಲ. ಹೊಸಬರಿಗೆ ಈ ಮೌನ ‘ನೀನು ಬೇಡ’ ಎಂದೇ ಕೇಳಿಸುತ್ತದೆ.

ಎರಡನೆಯದು ಬಾಟ್, ಅಂದರೆ ಕಮೆಂಟ್ ಓದಿ ತಾನೇ ಕೆಲಸ ಹಂಚುವ ಪ್ರೋಗ್ರಾಂ. ಡೇಟಾ ವಿಶ್ಲೇಷಣೆಯ ಪ್ರಾಜೆಕ್ಟ್ ಪಾಂಡಾಸ್‌ನಲ್ಲಿ ಇಶ್ಯೂ ಕೆಳಗೆ ಇಂಗ್ಲಿಷಿನಲ್ಲಿ ‘ಟೇಕ್’ ಎಂಬ ಒಂದೇ ಪದ ಬರೆದರೆ ಕೆಲಸ ನಮ್ಮ ಹೆಸರಿಗೆ ಬರುತ್ತದೆ. ಕುಬರ್ನೆಟೀಸ್ ಎಂಬ ಇನ್ನೊಂದು ಪ್ರಾಜೆಕ್ಟ್‌ನಲ್ಲಿ ‘/ಅಸೈನ್’, ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘@ರಸ್ಟ್‌ಬಾಟ್ ಕ್ಲೈಮ್’. ಚಾಟ್ ತಂತ್ರಾಂಶ ಜುಲಿಪ್‌ನ ಬಾಟ್ ಇನ್ನೂ ಸ್ವಲ್ಪ ಬಿಗಿ: ‘ಹೆಲ್ಪ್ ವಾಂಟೆಡ್’ ಲೇಬಲ್ ಇಲ್ಲದಿದ್ದರೆ ಕೊಡುವುದಿಲ್ಲ, ಹೊಸಬರಿಗೆ ಒಂದು ಸಲಕ್ಕೆ ಒಂದೇ ಇಶ್ಯೂ, ಸುಮ್ಮನೆ ಇಟ್ಟುಕೊಂಡು ಕೂತರೆ ಎಚ್ಚರಿಸಿ ವಾಪಸ್ ತೆಗೆದುಕೊಳ್ಳುತ್ತದೆ. ಈ ಬಿಗಿಯೇ ನನಗೆ ಬಹಳ ಹಿಡಿಸಿತು. ಎರಡು ಭಾನುವಾರ ಬಿಟ್ಟು ಬಂದ ಹುಡುಗಿಯ ಹೆಸರು ಇಲ್ಲಿ ಕ್ಷಣದಲ್ಲಿ ಬಿತ್ತು. ಯಾರ ದಾಕ್ಷಿಣ್ಯವೂ ಇಲ್ಲ. ತೊಂದರೆಯೂ ಅಲ್ಲೇ ಇದೆ: ಡಿಪ್ಲೊಮಾ ಹುಡುಗನೊಬ್ಬ ಕೋಡ್ ತೆರೆಯುವ ಮುಂಚೆಯೇ ಬೇರೆ ಬೇರೆ ಪ್ರಾಜೆಕ್ಟ್‌ಗಳಲ್ಲಿ ನಾಲ್ಕು ಇಶ್ಯೂ ಹಿಡಿದ. ಮೂರನ್ನು ಬಿಡಿಸಬೇಕಾಯಿತು.

ಮೂರನೆಯದು ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ ಪದ್ಧತಿ. ಕೇಳುವುದೇ ಬೇಡ. ‘ಗುಡ್ ಫಸ್ಟ್ ಬಗ್’ (ಅಲ್ಲಿ ಇಶ್ಯೂಗೆ ಬಗ್ ಎನ್ನುತ್ತಾರೆ) ಆರಿಸಿ ಮೊದಲ ಪ್ಯಾಚ್, ಅಂದರೆ ತಿದ್ದಿದ ಕೋಡ್, ಕಳಿಸಿದರೆ ಬಗ್ ತಾನಾಗಿ ನಮ್ಮ ಹೆಸರಿಗೆ ಬರುತ್ತದೆ. ನ್ಯಾಯವಾದದ್ದೇ. ಆದರೆ ಫೈರ್‌ಫಾಕ್ಸ್ ಕೋಡ್ ಇಳಿಸಿಕೊಳ್ಳಲು ಹಲವಾರು ಜಿಬಿ ಬೇಕು, ನಮ್ಮವರದ್ದು ಮೊಬೈಲ್ ಹಾಟ್‌ಸ್ಪಾಟ್, ನಾಲ್ಕು ಜಿಬಿ ರ‍್ಯಾಮ್. ಸಿ++ ಕಂಪೈಲ್ ಮಾಡದೆ ಸಿದ್ಧ ಭಾಗಗಳನ್ನು ತರುವ ಆರ್ಟಿಫ್ಯಾಕ್ಟ್ ಬಿಲ್ಡ್ ಇರದಿದ್ದರೆ ನಾವು ಅಲ್ಲೇ ನಿಲ್ಲುತ್ತಿದ್ದೆವು. ಅಷ್ಟಾದರೂ ಈ ದಾರಿ ಹಿಡಿದ ಹುಡುಗನಿಗೆ ಇಡೀ ವಾರ ದುಡಿಯುವಾಗ ಒಂದೇ ಅಂಜಿಕೆ: “ನಡುವ ಯಾರರ ಮಾಡಿಬಿಟ್ರ?” ಒಮ್ಮೆ ಪಳಗಿದವರಿಗೆ ಇದೇ ಒಳ್ಳೆಯದು, ಮೊದಲ ಸಲಕ್ಕೆ ನಾನು ಹೇಳುವುದಿಲ್ಲ.

ಈಗ ನಮ್ಮಲ್ಲಿ ಎಲ್ಲರಿಗೂ ಬಾಟ್ ದಾರಿಯೇ, ಆದರೆ ಒಂದು ಷರತ್ತಿನ ಮೇಲೆ. ಮೊದಲು ಪ್ರಾಜೆಕ್ಟ್ ತಮ್ಮ ಮಷೀನಿನಲ್ಲಿ ಓಡಿಸಿ, ಆ ದೋಷ ಕಣ್ಣಾರೆ ಕಾಣಬೇಕು. ಹೇಗೆ ಸರಿಪಡಿಸುತ್ತೇನೆ ಎಂದು ಎರಡು ಸಾಲು ಬರೆದ ಮೇಲೆಯೇ ಕ್ಲೈಮ್. ಪರೀಕ್ಷೆ ಬಂದರೆ ಅವತ್ತೇ ಬಿಟ್ಟುಕೊಡಬೇಕು. ಆ ಬಿಸಿಎ ಹುಡುಗಿಯ ಪುಲ್ ರಿಕ್ವೆಸ್ಟ್‌ಗೆ ಮೊನ್ನೆ ರಿವ್ಯೂ ಬಂತು, ಕೋಡ್ ಸರಿಯಿದೆಯೇ ಎಂದು ತಾನೇ ನೋಡುವ ಟೆಸ್ಟ್ ಸೇರಿಸಲು ಹೇಳಿದ್ದಾರೆ. ಈ ಭಾನುವಾರ ಅದನ್ನೇ ಬರೆಯುತ್ತಿದ್ದಾಳೆ, ಆ ನಾಲ್ಕು ಇಶ್ಯೂ ಹಿಡಿದಿದ್ದ ಹುಡುಗ ಪಕ್ಕದಲ್ಲಿ ಕೂತು ನೋಡುತ್ತಿದ್ದಾನೆ.